ಕಾರಿನ ಭಯವಿಲ್ಲದ ಬೆಟ್ಟದ ದಾರಿ

ಹತ್ತು ವರ್ಷದ ಮಗಳ ಜೊತೆ ನ್ಯೂಜಿಲೆಂಡಿನ ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯಬೇಕು, ಆದರೆ ವಾಹನ ಇರಬಾರದು ಅಂತ ಕೇಳಿದ್ದೀರಿ, ಅಲ್ವಾ? ಕಣ್ಮುಚ್ಚಿಕೊಂಡು ಒಟಾಗೋ ಸೆಂಟ್ರಲ್ ರೈಲ್ ಟ್ರೇಲ್‌ಗೆ ಹೋಗಿ. ಕ್ಲೈಡ್‌ನಿಂದ ಮಿಡ್ಲ್‌ಮಾರ್ಚ್‌ವರೆಗೆ 152 ಕಿ.ಮೀ. ಜಲ್ಲಿ ದಾರಿ. 1990ರಲ್ಲಿ ನಿಂತುಹೋದ ರೈಲಿನ ಹಳಿ ಕಿತ್ತು ಮಾಡಿದ್ದು. ಉಗಿಬಂಡಿ ಹತ್ತಬೇಕಿದ್ದ ದಾರಿಯಾದ್ದರಿಂದ ಏರು ಎಲ್ಲೂ ಕಡಿದಾಗಿಲ್ಲ. ಅತಿ ಎತ್ತರದ ಜಾಗವೇ 618 ಮೀಟರ್. ರಸ್ತೆ ದಾಟುವ ಕಡೆ ಮಾತ್ರ ಮಗಳ ಪಕ್ಕದಲ್ಲೇ ಇರಿ.

ಪೂಲ್‌ಬರ್ನ್ ಕಣಿವೆಯ ಸುರಂಗಗಳಿಗೆ ಟಾರ್ಚ್ ಬೇಕೇ ಬೇಕು. ಒಳಗೆ ಗವ್ವೆನ್ನುವ ಕತ್ತಲು, ಚಕ್ರದಡಿ ಜಲ್ಲಿ ಕರಕರ ಅನ್ನುವುದಷ್ಟೇ ಕೇಳುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡೇ ಹೋಗಿ. ಗಾಳಿ ಎದುರಾದರೆ ಸಪಾಟು ದಾರಿಯೂ ಜಾಸ್ತಿ ಸುಸ್ತು ಮಾಡುತ್ತದೆ. ದಿನಕ್ಕೆ 30 ಕಿ.ಮೀ. ಸಾಕು.