ಕೆಮಿಸ್ಟ್ರಿ ಓದಿದವನು ಗೊಬ್ಬರದ ಅಂಗಡಿಯಲ್ಲಿ

ಹಿರಿಯೂರಿನ ಓದುಗರೊಬ್ಬರು ಬರೆದಿದ್ದಾರೆ: "ಸಾಲ ಮಾಡಿ ಮಗನಿಗೆ ಬಿಎಸ್ಸಿ ಕೆಮಿಸ್ಟ್ರಿ ಓದಿಸಿದೆ. ಈಗ ನನ್ನ ಗೊಬ್ಬರದ ಅಂಗಡಿಯಲ್ಲೇ ಕೂತಿದ್ದಾನೆ. ಓದಿದ್ದೆಲ್ಲ ದಂಡವಾಯಿತಲ್ಲ ಸಂಪಾದಕರೇ?"

ಸಂಪಾದಕರ ಉತ್ತರ:

ಓದಿಗೆ ತಕ್ಕ ಕೆಲಸ, ಸಂಬಳ ಸಿಗಬೇಕು ನಿಜ. ನಿಮ್ಮ ಬೇಸರ ನನಗೆ ಗೊತ್ತಾಗುತ್ತದೆ. ಆದರೆ ದಂಡ ಎಂಬ ಮಾತನ್ನು ಒಪ್ಪಲಾರೆ. ಕೆಮಿಸ್ಟ್ರಿ ಅಷ್ಟೊಂದು ಬೇಕಾಗಿರುವ ಜಾಗ ಗೊಬ್ಬರದ ಅಂಗಡಿಯಲ್ಲದೆ ಇನ್ಯಾವುದು ಸ್ವಾಮಿ?

45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ನೂರಕ್ಕೆ 46 ಪಾಲು. ಅಂದರೆ 20 ಕೆಜಿಗಿಂತ ಸ್ವಲ್ಪ ಜಾಸ್ತಿ. ಮಣ್ಣಿನ ಮೇಲೆ ಸುಮ್ನೆ ಎರಚಿ ಬಿಟ್ಟರೆ ಅದರಲ್ಲೂ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ರಂಜಕ ಇರುವ ಡಿಎಪಿ ಗೊಬ್ಬರದ ಜೊತೆ ಸತು ಇರುವ ಜಿಂಕ್ ಸಲ್ಫೇಟ್ ಬೆರೆಸಿದರೆ ರಂಜಕ, ಸತು ಎರಡೂ ಕೂಡಿ ನೀರಲ್ಲಿ ಕರಗದ ವಸ್ತುವಾಗುತ್ತವೆ. ರೈತ ದುಡ್ಡು ಕೊಟ್ಟಿರುತ್ತಾನೆ, ಬೇರಿಗೆ ಸಿಕ್ಕಿರುವುದಿಲ್ಲ. ಲ್ಯಾಬಿನ ಟ್ಯೂಬಿನ ತಳದಲ್ಲಿ ಬಿಳಿ ಗಷ್ಟು ಕೂರುವುದನ್ನು ನಿಮ್ಮ ಮಗ ಎಷ್ಟು ಸಲ ನೋಡಿಲ್ಲ! ಹೊಲದಲ್ಲಿ ನಡೆಯುವುದೂ ಅದೇ ಅಲ್ವಾ? ಗಿರಾಕಿಗೆ ಅವನು ಇದನ್ನು ಹೇಳುತ್ತಿದ್ದಾನಾ?

ನಮ್ಮ ಮನೆಯ ಪಾಯ ಹಾಕುವಾಗ ಮೇಸ್ತ್ರಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ದಾರದ ಮೇಲೆ ಗುರುತು ಹಾಕಿದರು. ಎರಡು ಗುರುತುಗಳ ನಡುವೆ ಟೇಪು ಹಿಡಿದು, ಸರಿಯಾಗಿ 5 ಅಡಿ ಬರುವ ತನಕ ದಾರ ಸರಿಸಿದರು. "ಈಗ ಮೂಲೆ ಮಟ್ಟಕ್ಕೆ ಬಂತು" ಎಂದರು. ಅಂದರೆ ಸರಿಯಾಗಿ 90 ಡಿಗ್ರಿ. ಪೈಥಾಗೊರಸ್ ಪ್ರಮೇಯವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವನು ನಾನು. ಅದು ನನ್ನದಾಗಿದ್ದು ಮಾತ್ರ ಅವತ್ತು, ಆ ಪಾಯದ ಹತ್ತಿರ ನಿಂತಾಗ.

ನಿಮಗಿಂತ ನಮ್ಮ ಕಾಲೇಜುಗಳ ಮೇಲೆ ನನಗೆ ಸಿಟ್ಟು ಜಾಸ್ತಿ. ಪ್ರಾಕ್ಟಿಕಲ್ ಅಂದರೆ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆಯುವುದು ಎಂದಾಗಿದೆ. ಊರ ಹೊಲದ ಒಂದು ಹಿಡಿ ಮಣ್ಣು ತಂದು ಪರೀಕ್ಷೆ ಮಾಡಿ ಎಂದು ಎಷ್ಟು ಮೇಷ್ಟ್ರು ಹೇಳುತ್ತಾರೆ? ಮೂರು ವರ್ಷ ಹೀಗೆ ಕಳೆದ ಹುಡುಗನಿಗೆ ಅಂಗಡಿ ಬೇರೆ, ಓದು ಬೇರೆ ಅನ್ನಿಸದೆ ಇನ್ನೇನು?

2015ರಿಂದ ಸರ್ಕಾರ ರೈತರಿಗೆ, ಹೊಲದ ಮಣ್ಣಿನಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂದು ಹೇಳುವ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದೆ. ಎಷ್ಟೋ ಮನೆಗಳಲ್ಲಿ ಅದು ಪೆಟ್ಟಿಗೆಯ ತಳ ಸೇರಿದೆ. ಓದಿ ಹೇಳುವವರಿಲ್ಲ. ನಾಳೆ ಯಾರಾದರೂ ಡಿಎಪಿ ಕೇಳಿ ಬಂದರೆ, ನಿಮ್ಮ ಮಗ ಮೊದಲು ಆ ಕಾರ್ಡ್ ತರಿಸಿ ನೋಡಲಿ. ರಂಜಕ ಆಗಲೇ ಜಾಸ್ತಿ ಇದ್ದರೆ "ಈ ಸಲ ಡಿಎಪಿ ಕಡಿಮೆ ಮಾಡಿ ಅಣ್ಣಾ" ಎನ್ನಲಿ. ಒಂದು ಚೀಲದ ವ್ಯಾಪಾರ ಹೋದರೆ ಅವನನ್ನು ಬೈಯಬೇಡಿ.