ಮೂರು ವರ್ಷದ ಜಿಗಿತದ ಕುದುರೆಯನ್ನು ಸ್ಪರ್ಧೆಗೆ ಇಳಿಸುವುದು ಯಾವಾಗ?

ನಿಮ್ಮ ಮೂರು ವರ್ಷದ ಹೆಣ್ಣು ಕುದುರೆ ಸವಾರನಿಲ್ಲದೆ ಬಿಟ್ಟಾಗ ಎತ್ತರದ ಅಡ್ಡಗಂಬಗಳನ್ನು ಲೀಲಾಜಾಲವಾಗಿ ದಾಟುತ್ತಿರುವುದರಿಂದ ಅದನ್ನು ಮುಂದಿನ ವರ್ಷವೇ ಶೋ ಜಂಪಿಂಗ್ ಸ್ಪರ್ಧೆಗಳಲ್ಲಿ ಪೂರ್ಣವಾಗಿ ತೊಡಗಿಸಬಹುದೇ ಎಂದೂ, ಕುಂಟುತನದಿಂದ ಸ್ಪರ್ಧೆ ಬಿಟ್ಟ ಅದರ ತಾಯಿಯಿಂದ ಇನ್ನೊಂದು ಮರಿ ಪಡೆಯಬಹುದೇ ಎಂದೂ ಕೇಳಿದ್ದೀರಿ. ಎಳೆಯ ಕುದುರೆಗಳನ್ನು ಬೆಳೆಸಿ ಪಳಗಿಸುವ ಕೆಲಸದಲ್ಲಿರುವವನಾಗಿ ಹೇಳುವುದಾದರೆ, ನಾಲ್ಕನೆಯ ವರ್ಷದಲ್ಲಿ ತಗ್ಗಿನ ಅಡ್ಡಗಂಬಗಳ ಒಂದೆರಡು ಸ್ಪರ್ಧೆಗಳಿಗೆ ಅನುಭವಕ್ಕೆಂದು ಕರೆದೊಯ್ಯಿರಿ, ಗೆಲ್ಲಿಸುವುದಕ್ಕೆಂದು ಒಯ್ಯಬೇಡಿ.

ಕುದುರೆಯ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಕ್ರಮಬದ್ಧ ಕೆಲಸ ಆರಂಭಿಸಿದ ಕೆಲವೇ ವಾರಗಳಲ್ಲಿ ಉಸಿರಾಟ ಮತ್ತು ಹೃದಯದ ಸಾಮರ್ಥ್ಯ ಏರುತ್ತದೆ, ಕೆಲವು ತಿಂಗಳುಗಳಲ್ಲಿ ಮಾಂಸಖಂಡಗಳು ತುಂಬಿಕೊಳ್ಳುತ್ತವೆ; ಆದರೆ ಮೂಳೆ, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಮತ್ತು ಮೂಳೆಗೆ ಮೂಳೆಯನ್ನು ಬಿಗಿಯುವ ಅಸ್ಥಿರಜ್ಜುಗಳು ಅದೇ ಹೊರೆಗೆ ಹೊಂದಿಕೊಳ್ಳಲು ಇನ್ನೂ ಬಹಳ ಕಾಲ ಬೇಕು. ಮುಂಗಾಲಿನ ಮಂಡಿಯ ಮೇಲಿರುವ ಉದ್ದ ಮೂಳೆಯ ಕೆಳತುದಿಯಲ್ಲಿ ಬೆಳವಣಿಗೆ ನಿಲ್ಲುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ, ಜೀನಿನ ಕೆಳಗೆ ಬರುವ ಬೆನ್ನೆಲುಬಿನ ಮೂಳೆಗಳಲ್ಲಿಯಂತೂ ಅದು ಐದಾರು ವರ್ಷದವರೆಗೂ ಮುಂದುವರಿಯುತ್ತದೆ. ಹೀಗಾಗಿ ನಾಲ್ಕು ವರ್ಷದ ಕುದುರೆ ದಣಿಯದೆ, ಉತ್ಸಾಹದಿಂದ, ಇನ್ನೂ ಎತ್ತರಕ್ಕೆ ಸಿದ್ಧವೆಂಬಂತೆ ಕಾಣುವ ಹೊತ್ತೇ ಅತ್ಯಂತ ಅಪಾಯದ ಹೊತ್ತು, ಏಕೆಂದರೆ ಜಿಗಿದು ಇಳಿಯುವಾಗಿನ ಭಾರವನ್ನು ಹೊರುವುದು ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುಗಳು, ಮತ್ತು ಅವು ಹರಿಯುವವರೆಗೂ ದೂರು ಹೇಳುವುದಿಲ್ಲ. ಹರಿದ ಸ್ನಾಯುರಜ್ಜು ಮೊದಲಿನ ಹಿಗ್ಗುವ ಗುಣವಿಲ್ಲದ ಗಾಯದ ಅಂಗಾಂಶವಾಗಿ ಕೂಡಿಕೊಳ್ಳುತ್ತದೆ. ಚೇತರಿಕೆಗೆ ಹಲವು ಸಲ ಒಂದು ವರ್ಷವೇ ಹಿಡಿಯುತ್ತದೆ.

ಕ್ರೀಡೆಯ ನಿಯಮಗಳೂ ಈ ನಿಧಾನವನ್ನು ಒಪ್ಪಿಕೊಂಡಿವೆ. ಎಳೆಯ ಜಿಗಿತದ ಕುದುರೆಗಳ ವಿಶ್ವ ಚಾಂಪಿಯನ್‌ಷಿಪ್ ಐದು ವರ್ಷದ ಕುದುರೆಗಳಿಂದ ಆರಂಭವಾಗುತ್ತದೆ, ಒಲಿಂಪಿಕ್ಸ್‌ನ ಜಿಗಿತಕ್ಕೆ ಕನಿಷ್ಠ ಒಂಬತ್ತು ವರ್ಷ ಆಗಿರಬೇಕು. ನಿಮ್ಮ ಕುದುರೆ ನಿಜಕ್ಕೂ ಪ್ರತಿಭಾವಂತವಾಗಿದ್ದರೆ ಅದರ ಶ್ರೇಷ್ಠ ವರ್ಷಗಳು ಇನ್ನೂ ಬಹಳ ದೂರದಲ್ಲಿವೆ.

ಹಾಗೆಂದು ಲಾಯದಲ್ಲಿ ಕಟ್ಟಿಹಾಕಿ ಕಾಯುವುದೂ ತಪ್ಪು, ಇದನ್ನು ನಾನು ಒತ್ತಿ ಹೇಳುತ್ತೇನೆ. ಎಳೆತನದಲ್ಲಿ ಚಲನೆಯಿಲ್ಲದೆ ಬೆಳೆದ ಮೂಳೆ ಗಟ್ಟಿಯಾಗುವುದಿಲ್ಲ. ವಿಶಾಲವಾದ ಬಯಲಿನಲ್ಲಿ ಬೇರೆ ಕುದುರೆಗಳೊಡನೆ ದಿನದ ಬಹುಪಾಲು ಓಡಾಡುವುದೇ ಈ ವಯಸ್ಸಿನ ಮೊದಲ ತರಬೇತಿ. ಈ ವರ್ಷ ಜೀನು, ಲಗಾಮು ಮತ್ತು ಸವಾರನ ಭಾರಕ್ಕೆ ಒಗ್ಗಿಸಿ, ವಾರಕ್ಕೆ ಮೂರು ನಾಲ್ಕು ದಿನ ಇಪ್ಪತ್ತು ಮೂವತ್ತು ನಿಮಿಷ ನೇರ ದಾರಿಯಲ್ಲಿ ಹೆಚ್ಚಾಗಿ ನಡಿಗೆ ಮಾಡಿಸಿ, ಬಳಿಕ ಕೆಲವು ತಿಂಗಳು ಮತ್ತೆ ಬಯಲಿಗೆ ಬಿಡಿ. ಉದ್ದ ಹಗ್ಗದಲ್ಲಿ ಸಣ್ಣ ವೃತ್ತಗಳಲ್ಲಿ ಬಹಳ ಹೊತ್ತು ಓಡಿಸುವುದನ್ನು ಮಾತ್ರ ದಯವಿಟ್ಟು ತಪ್ಪಿಸಿ, ಅದು ಎಳೆಯ ಕೀಲುಗಳನ್ನು ಒಂದೇ ಬದಿಗೆ ತಿರುಚುತ್ತದೆ. ಸವಾರನಿಲ್ಲದ ಜಿಗಿತವನ್ನೂ ಅಪರೂಪಕ್ಕೆ ಇಟ್ಟುಕೊಳ್ಳಿ: ಅದರ ಶೈಲಿ ನಿಮಗೆ ಗೊತ್ತಾಗಿದೆ, ಪದೇ ಪದೇ ನೋಡುವುದರಿಂದ ಕುದುರೆಗೆ ಏನೂ ಸೇರುವುದಿಲ್ಲ. ನಾಲ್ಕನೆಯ ವರ್ಷದಲ್ಲಿ ನೇರವಾಗಿ ಸಾಗುವುದು, ಎರಡೂ ಬದಿಗೆ ಸಮನಾಗಿ ಬಾಗುವುದು, ಸೂಚನೆಗೆ ತಕ್ಕಂತೆ ಹೆಜ್ಜೆ ಹಿಗ್ಗಿಸಿ ಕುಗ್ಗಿಸುವುದು ಇವೇ ಪಾಠಗಳಾಗಲಿ, ಏಕೆಂದರೆ ಎರಡು ಅಡ್ಡಗಂಬಗಳ ನಡುವಿನ ನೆಲದ ಮೇಲೆ ಮಾಡಿದ ಕೆಲಸವೇ ಜಿಗಿತವನ್ನು ರೂಪಿಸುತ್ತದೆ. ಆಹಾರದಲ್ಲಿ ಹುಲ್ಲೇ ಮುಖ್ಯವಾಗಿರಲಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸದಾ ಸ್ರವಿಸುತ್ತಲೇ ಇರುವುದರಿಂದ, ಗಂಟೆಗಟ್ಟಲೆ ಹುಲ್ಲಿಲ್ಲದೆ ನಿಂತು ಧಾನ್ಯ ತಿನ್ನುವ ಸ್ಪರ್ಧಾ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ತೀರ ಸಾಮಾನ್ಯ.

ಇನ್ನು ತಾಯಿಯ ವಿಚಾರ. ಕುಂಟುತನಕ್ಕೆ ಕಾರಣವೇನೆಂದು ನೀವು ಬರೆದಿಲ್ಲ, ಉತ್ತರ ನಿಂತಿರುವುದು ಅದರ ಮೇಲೆಯೇ. ಅಪಘಾತದ ಗಾಯ ಮರಿಗೆ ಇಳಿಯುವುದಿಲ್ಲ. ಆದರೆ ಕಾಲಿನ ವಕ್ರ ಜೋಡಣೆಯಿಂದಲೋ, ಕೀಲಿನ ಮೃದ್ವಸ್ಥಿ ಸರಿಯಾಗಿ ಬಲಿಯದ ಆಸ್ಟಿಯೋಕಾಂಡ್ರೋಸಿಸ್‌ನಿಂದಲೋ ಕುಂಟಿದ್ದರೆ ಅದರಲ್ಲಿ ವಂಶದ ಪಾಲು ಇದೆ, ಆ ತಾಯಿಯಿಂದ ಮರಿ ಪಡೆಯಬಾರದೆಂಬುದು ನನ್ನ ದೃಢ ಅಭಿಪ್ರಾಯ, ಅದು ಎಷ್ಟೇ ಬಹುಮಾನ ಗೆದ್ದಿರಲಿ. ಕಾರಣ ಅಪಘಾತವೇ ಆಗಿದ್ದು, ಸುಮಾರು ಹನ್ನೊಂದು ತಿಂಗಳ ಗರ್ಭದ ಭಾರವನ್ನು ಆ ಕಾಲು ತಾಳಲಾರದೆಂದು ಪಶುವೈದ್ಯರು ಹೇಳಿದರೆ, ಭ್ರೂಣವನ್ನು ಬಾಡಿಗೆ ತಾಯಿಗೆ ವರ್ಗಾಯಿಸುವ ದಾರಿ ಇದೆ. ತಾಯಿ ವಾರ್ಮ್‌ಬ್ಲಡ್ ತಳಿಯದಾದರೆ, ಅಂದರೆ ಸವಾರಿ ಕ್ರೀಡೆಗಳಿಗೆಂದು ಬೆಳೆಸಿದ ಯುರೋಪಿನ ಮೂಲದ ತಳಿಗಳಲ್ಲಿ ಒಂದಾದರೆ, ಮರಿಯ ಚರ್ಮ ಮತ್ತು ಅಂಗಾಂಶಗಳು ತೀರ ದುರ್ಬಲವಾಗುವ ವಂಶಪಾರಂಪರ್ಯ ಕಾಯಿಲೆಯಾದ ಫ್ರಜೈಲ್ ಫೋಲ್ ಸಿಂಡ್ರೋಮಿನ ವಂಶವಾಹಿ (ಜೀನ್) ಪರೀಕ್ಷೆಯನ್ನು ಗಂಡು ಹೆಣ್ಣು ಎರಡಕ್ಕೂ ಮಾಡಿಸಿ. ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ದೋಷದ ವಂಶವಾಹಿಯನ್ನು ಹೊತ್ತಿದ್ದರೆ, ಬದುಕುಳಿಯದ ಮರಿ ಹುಟ್ಟುವ ಸಂಭವ ಪ್ರತಿ ಗರ್ಭಕ್ಕೂ ಶೇ. 25. ತಾಯಿಯ ಕಾಲಿನ ಎಕ್ಸ್‌ರೇ ತೆಗೆಸುವ ದಿನವೇ ಮಗಳದ್ದನ್ನೂ ತೆಗೆಸಿ, ಸವಾರನನ್ನು ಹತ್ತಿಸುವ ಮೊದಲೇ ಅದನ್ನು ನೋಡಿಬಿಡಿ.