ಹೊಸ ಬ್ರೌಸರ್‌ಗೆ ಹೊರಳಬೇಕೇ?

ಪ್ರಶ್ನೆ: ಹೊಸ ಬ್ರೌಸರ್‌ಗಳು ಬರುತ್ತಲೇ ಇದ್ದರೂ ಬಹಳ ಜನ ಹಳೆಯದನ್ನೇ ಬಳಸುವುದೇಕೆ? ಬದಲಾಯಿಸಿದರೆ ನಿಜಕ್ಕೂ ವ್ಯತ್ಯಾಸ ಕಾಣುವುದೇ?

ಉತ್ತರ: ಮುಖ್ಯ ಕಾರಣ ಅಭ್ಯಾಸ. ಪಾಸ್‌ವರ್ಡ್‌ಗಳೂ ಬುಕ್‌ಮಾರ್ಕ್‌ಗಳೂ ಒಂದೆಡೆ ಸೇರಿಹೋದ ಮೇಲೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ವರ್ಷಗಟ್ಟಲೆ ಮೆರೆಯಲು ಅದು ವಿಂಡೋಸ್ ಜೊತೆಗೇ ಬರುತ್ತಿದ್ದುದು ದೊಡ್ಡ ಕಾರಣ. ಆದರೂ 2004ರಲ್ಲಿ ಫೈರ್‌ಫಾಕ್ಸ್ 1.0 ಟ್ಯಾಬ್‌ಗಳ ಅನುಕೂಲವನ್ನೂ 2008ರಲ್ಲಿ ಕ್ರೋಮ್ ವೇಗವನ್ನೂ ಮುಂದಿಟ್ಟಾಗ, ಅಂತರ ಕಣ್ಣಿಗೆ ಕಾಣುವಷ್ಟಿದ್ದುದರಿಂದ ಅನೇಕರು ತಾವಾಗಿಯೇ ಹೊರಳಿದರು. ಇಂದು ಆ ಅಂತರ ಕಿರಿದು. ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಇವೆಲ್ಲವೂ ಕ್ರೋಮ್‌ನಂತೆಯೇ ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ತಳಹದಿಯವು (ಅಂಗಿ ಬೇರೆ, ಆಳು ಒಬ್ಬನೇ ಎಂದು ನನಗನ್ನಿಸುತ್ತದೆ). ಕಂಪ್ಯೂಟರಿನಲ್ಲಿ ಬೇರೆಯೇ ಎಂಜಿನ್ (ಜಾಲಪುಟಗಳನ್ನು ತೆರೆಯ ಮೇಲೆ ಮೂಡಿಸುವ ಒಳಭಾಗ) ಬೇಕೆಂದರೆ ಗೆಕೋ ಆಧಾರಿತ ಫೈರ್‌ಫಾಕ್ಸ್ ಅಥವಾ ವೆಬ್‌ಕಿಟ್ ಆಧಾರಿತ ಸಫಾರಿಯನ್ನು ನೋಡಬೇಕು. ಬುಕ್‌ಮಾರ್ಕ್‌ಗಳನ್ನು ಆಮದು ಮಾಡಿಕೊಳ್ಳುವ ಸೌಲಭ್ಯ ಇವುಗಳಲ್ಲಿ ಇರುವುದರಿಂದ, ಹಳೆಯದನ್ನು ಅಳಿಸದೆಯೇ ಕೆಲವು ದಿನ ಪರೀಕ್ಷಿಸಿರಿ.